ತವರು ಹೆಸರಿನಲ್ಲಿ ಗೆದ್ದ ಕಪ್

ಮಾರ್ಚ್ ತಿಂಗಳೆಂದರೆ ನಮ್ಮ ಚಿತ್ರದುರ್ಗದಲ್ಲಿ ಸಂಡಿಗೆ, ಹಪ್ಪಳದ ತಿಂಗಳು. ಸುತ್ತಲೂ ಬಂಡೆಗಳನ್ನೇ ಹೊದ್ದು ಕುಳಿತ ಊರು ಇದು. ಬೆಳಿಗ್ಗೆ ಒಂಬತ್ತಕ್ಕೆಲ್ಲ ತಾರಸಿ ರೊಟ್ಟಿಯ ಹೆಂಚಿನಂತೆ ಕಾದಿರುತ್ತದೆ. 2023ರ ಮಾರ್ಚ್ 4, ಶನಿವಾರ. ಅವತ್ತು ಒಣಗಿದ ಅಕ್ಕಿ ಸಂಡಿಗೆಯನ್ನು ಬಟ್ಟೆಯಿಂದ ಬಿಡಿಸಿ ರಾತ್ರಿ ಡಬ್ಬಕ್ಕೆ ತುಂಬುತ್ತಾ ಕುಳಿತಿದ್ದೆ. ಒಳಕೋಣೆಯಿಂದ ನನ್ನ ಮೊಮ್ಮಗಳು ಕಿರುಚಿಕೊಂಡು ಓಡಿಬಂದಳು. ಎಲ್ಲೋ ಹಲ್ಲಿ ಬಿತ್ತೇನೋ ಎಂದುಕೊಂಡೆ.

‘ಅಜ್ಜೀ, ಗೆದ್ವಿ!’

‘ಯಾರೇ ಗೆದ್ದಿದ್ದು, ಏನನ್ನ?’

‘ಕರ್ನಾಟಕ! ಸಂತೋಷ್ ಟ್ರೋಫಿ! ಮೇಘಾಲಯದ ಮೇಲೆ ಮೂರು-ಎರಡು. ಐವತ್ನಾಲ್ಕು ವರ್ಷ ಆದ್ಮೇಲೆ ಅಜ್ಜೀ!’

ಅವಳ ಕೈಯಲ್ಲಿ ಅವರಮ್ಮನ ಮೊಬೈಲು. ಅದರಲ್ಲಿ ಕೆಂಪು ಅಂಗಿಯೋ ಹಳದಿ ಅಂಗಿಯೋ ತೊಟ್ಟ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಪಂದ್ಯ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ, ಸೌದಿ ಅರೇಬಿಯಾದ ರಿಯಾದ್‌ನಲ್ಲಂತೆ. ನಮ್ಮ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ಪಿನ ಫೈನಲ್ ಅರಬರ ನಾಡಿನಲ್ಲಿ! ಕಾಲ ಹೇಗೆಲ್ಲ ಬಂತು ನೋಡಿ.

ನನ್ನ ಮನಸ್ಸು ಮಾತ್ರ ಆ ‘ಐವತ್ನಾಲ್ಕು ವರ್ಷ’ಕ್ಕೆ ಸಿಕ್ಕಿಕೊಂಡಿತು. ಕೈಯಲ್ಲಿದ್ದ ಸಂಡಿಗೆ ಕೈಯಲ್ಲೇ ಮುರಿಯಿತು. ಐವತ್ನಾಲ್ಕು ವರ್ಷದ ಹಿಂದೆ ಗೆದ್ದದ್ದು ನನಗೆ ಗೊತ್ತು. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಆದರೆ ಗೆದ್ದದ್ದು ಕರ್ನಾಟಕ ಅಲ್ಲ, ಮೈಸೂರು.

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲು ಮೈಸೂರು. ಆ ಹೆಸರಿನಲ್ಲಿ ನಾವು ನಾಲ್ಕು ಸಲ ಈ ಕಪ್ ಗೆದ್ದಿದ್ದೆವು: 1946-47ರಲ್ಲಿ, 1952-53ರಲ್ಲಿ, 1967-68ರಲ್ಲಿ, ಮತ್ತೆ 1968-69ರಲ್ಲಿ. ನಾಲ್ಕು ಸಲವೂ ಫೈನಲ್‌ನಲ್ಲಿ ಸೋಲಿಸಿದ್ದು ಬಂಗಾಳವನ್ನು. ಹೆಸರು ಬದಲಾಯಿತು, ಆಮೇಲೆ ಅರ್ಧ ಶತಮಾನ ಏನೂ ಇಲ್ಲ.

ಇದನ್ನು ಕೇಳಿ ಗಂಡಸರಿಗೆ ಏನನ್ನಿಸುತ್ತದೋ ಕಾಣೆ. ನನಗಂತೂ ತಟ್ಟನೆ ಅರ್ಥವಾಯಿತು. ಯಾಕೆಂದರೆ ನನ್ನದೂ ಅದೇ ಕಥೆ. ನನ್ನ ಹೆಸರೂ ನಮ್ಮ ಅತ್ತೆಯ ಹೆಸರೂ ಒಂದೇ ಆಗಿತ್ತು. ಸೊಸೆಯನ್ನು ಕರೆದರೆ ಅತ್ತೆಯನ್ನು ಕರೆದಂತಾಗುತ್ತದೆ ಎಂದು ಮದುವೆಯ ದಿನವೇ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬೇರೆ ಹೆಸರು ಬರೆಸಿದರು. ಹೊಳಲ್ಕೆರೆಯ ಹುಡುಗಿ ಹಿರಿಯೂರಿಗೆ ಹೋಗುವ ಹೊತ್ತಿಗೆ ಬೇರೆ ಯಾರೋ ಆಗಿದ್ದಳು. ಹೊಸ ಹೆಸರಿನಲ್ಲಿ ನಾನು ಬೇಕಾದಷ್ಟು ಮಾಡಿದ್ದೇನೆ, ಬೇಡವೆನ್ನುವುದಿಲ್ಲ. ಮಕ್ಕಳನ್ನು ಹೆತ್ತೆ, ಮನೆ ಕಟ್ಟಿಸಿದೆವು, ಅತ್ತೆಯ ಕೊನೆಗಾಲದಲ್ಲಿ ಸೇವೆ ಮಾಡಿದೆ. ಆದರೆ ಗೆದ್ದದ್ದು ಅಂತ ಏನಾದರೂ ಇದ್ದರೆ ಅದು ತವರು ಹೆಸರಿನಲ್ಲೇ.

ನಾನು ಗೋಲು ಕಾಯುತ್ತಿದ್ದೆ.

ನಗಬೇಡಿ. ನಿಜವಾಗಿಯೂ ಕಾಯುತ್ತಿದ್ದೆ. ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಅಣ್ಣನ ಗುಂಪೊಂದಿತ್ತು. ಚೆಂಡು ಎಲ್ಲರಿಗೂ ಬೇಕು, ಗೋಲು ಕಾಯುವುದು ಮಾತ್ರ ಯಾರಿಗೂ ಬೇಡ. ಎಲ್ಲರೂ ಓಡುತ್ತಿರುವಾಗ ಒಬ್ಬನೇ ಕಂಬದ ಹಾಗೆ ನಿಂತಿರಬೇಕು. ಗೋಲು ಬಿದ್ದರೆ ಬೈಸಿಕೊಳ್ಳಬೇಕು, ಬೀಳದಿದ್ದರೆ ಯಾರೂ ಗಮನಿಸುವುದಿಲ್ಲ. ಅಡುಗೆಮನೆಯ ಕೆಲಸದಂಥದ್ದೇ ಅದು. ಉಪ್ಪು ಸರಿಯಾಗಿದ್ದ ದಿನ ಯಾರಾದರೂ ಉಪ್ಪಿನ ಸುದ್ದಿ ಎತ್ತುತ್ತಾರೆಯೆ? ಹಾಗಾಗಿ ಆ ಕೆಲಸ ತಂಗಿಗೆ ಬಂತು. ಎರಡು ಕಡೆ ಎರಡು ಸ್ಕೂಲ್ ಚೀಲ, ನಡುವೆ ಉದ್ದ ಲಂಗ ಉಟ್ಟ ನಾನು.

ಆ ಲಂಗದ್ದೇ ಒಂದು ದೊಡ್ಡ ತಕರಾರು. ಅವ್ವ ನಾಳೆಗೂ ನಾಡಿದ್ದಿಗೂ ಆಗಲೆಂದು ದೊಗಳೆಯಾಗಿ ಹೊಲಿಸುತ್ತಿದ್ದಳು. ನಾನು ಕಾಲು ಅಗಲಿಸಿ ನಿಂತರೆ ಅರ್ಧ ಗೋಲನ್ನು ಲಂಗವೇ ಮುಚ್ಚುತ್ತಿತ್ತು. ಚೆಂಡು ಬಂದು ನೆರಿಗೆಯಲ್ಲಿ ಸಿಕ್ಕಿ ಅಲ್ಲೇ ಕೂರುತ್ತಿತ್ತು. ಪಕ್ಕದ ಬೀದಿಯ ಹುಡುಗರು ‘ಮೋಸ, ಮೋಸ! ಲಂಗ ಹಿಡಿದದ್ದು ಲೆಕ್ಕಕ್ಕಿಲ್ಲ’ ಎಂದು ಜಗಳಕ್ಕೆ ಬರುತ್ತಿದ್ದರು. ಅಣ್ಣ ವಕೀಲನ ಹಾಗೆ ವಾದಿಸುತ್ತಿದ್ದ: ‘ಗೋಲಿ ಮೈಮೇಲೆ ಇರೋದೆಲ್ಲ ಗೋಲೀದೇ ಕಣ್ರೋ!’ ಗೋಲಿ ಎಂದರೆ ನಾನು. ಕಾಲಿಗೆ ಬೂಟು ಯಾರಿಗೂ ಇರಲಿಲ್ಲ. ಅದೇನೂ ನಮಗೆ ಕೊರತೆ ಅನ್ನಿಸಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲೇ ಆಡಿದ್ದರು, ನಾವು 2-1ರಲ್ಲಿ ಸೋತರೂ ನಮ್ಮ ಕಡೆಯ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್ ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೆಂಗಳೂರಿನ ಅಹಮದ್ ಖಾನ್ ಕೂಡ ಆ ತಂಡದಲ್ಲಿದ್ದವರು. ಇವರ ಹೆಸರುಗಳನ್ನು ನಾನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿದ್ದೆ.

ನಮ್ಮ ಊರಿನ ಬಯಲು ಗಣಪತಿಯನ್ನು ನೀವು ನೋಡಿರಬಹುದು. ಆಳೆತ್ತರಕ್ಕಿಂತ ದೊಡ್ಡ ಮೂರ್ತಿ. ಹಿಂದೆ ಹೋಗಿ ನೋಡಿದರೆ ಬೆನ್ನ ಮೇಲೆ ಜಡೆ. ಬಯಲಲ್ಲೇ ಕೂತ, ಜಡೆ ಬಿಟ್ಟ ಗಣಪ! ‘ಜಡೆ ಇರೋರು ಬಯಲಲ್ಲಿ ಆಡಬಾರದು’ ಎಂದು ಯಾರಾದರೂ ಹಿರಿಯರು ಗದರಿದರೆ ನಾನು ಮನಸ್ಸಿನಲ್ಲೇ ಅವನನ್ನು ತೋರಿಸುತ್ತಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

1968-69ರ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲೇ ನಡೆಯಿತು. ಸೋದರಮಾವ ಅಣ್ಣನನ್ನು ಕರೆದುಕೊಂಡು ಹೋಗುವುದೆಂದಾಯಿತು. ಚಿಕ್ಕಜಾಜೂರಿಗೆ ಹೋಗಿ ರೈಲು ಹಿಡಿಯಬೇಕು. ನಾನೂ ಹೊರಟು ನಿಂತೆ. ತಲೆ ಬಾಚಿಸಿಕೊಂಡು, ಎರಡು ಜಡೆಗೂ ರಿಬ್ಬನ್ ಕಟ್ಟಿಸಿಕೊಂಡು, ಬಾಗಿಲಲ್ಲಿ ನಿಂತೆ.

ಮಾವ ನಕ್ಕರು. ‘ಅಲ್ಲಿಗೆ ಹೆಣ್ಮಕ್ಕಳು ಬರೋಲ್ಲ ಕಣವ್ವ. ನಿಂಗೆ ಏನ್ ತರಲಿ ಹೇಳು?’

ನಾನು ಏನೂ ಹೇಳಲಿಲ್ಲ. ಬರುವಾಗ ಬಳೆ ತಂದರು. ಹಸಿರು ಗಾಜಿನ ಬಳೆ, ಕೈಗೆ ಆರಾರು, ಚಿನ್ನದ ಚುಕ್ಕಿ ಇಟ್ಟದ್ದು. ಹೊಳಲ್ಕೆರೆಯಲ್ಲಿ ಅಂಥವು ಸಿಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗಲೂ ಅಣ್ಣನ ಬಾಯಿ ನಿಲ್ಲಲಿಲ್ಲ. ಮೈಸೂರು ಹೇಗೆ ಗೆದ್ದಿತು, ಜನ ಹೇಗೆ ಕೂಗಿದರು, ಬಂಗಾಳದವರ ಮುಖ ಹೇಗಾಯಿತು! ನಾನು ಬಳೆ ನೋಡಿಕೊಳ್ಳುತ್ತಾ ಕೇಳುತ್ತಿದ್ದೆ. ಮಾರನೆಯ ದಿನ ಗೋಲಿಗೆ ನಿಂತಾಗ ಎರಡು ಬಳೆ ಒಡೆದವು. ಅವ್ವ ‘ಅಷ್ಟು ದೂರದಿಂದ ತಂದದ್ದು, ನೋಡಿಕೊಂಡು ಆಡೇ’ ಎಂದಳು. ಮೂರನೆಯ ದಿನದಿಂದ ನಾನು ಗೋಲು ಕಾಯುವುದು ಬಿಟ್ಟು ಬಳೆ ಕಾಯತೊಡಗಿದೆ. ಉಳಿದ ಬಳೆ ಒಂದೊಂದಾಗಿ ಒಡೆದು ಮುಗಿಯುವ ತನಕ ಅಣ್ಣನ ತಂಡ ಸೋಲುತ್ತಲೇ ಇತ್ತು.

ಬಳೆ ಮುಗಿದ ಮೇಲೆ ಮತ್ತೆ ಒಂದೆರಡು ವರ್ಷ ಆಡಿದೆ. ಆಮೇಲೆ ದೊಡ್ಡವಳಾದೆ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ನೀರೊಲೆಗೆ ಸೌದೆ ತಳ್ಳುತ್ತಾ, ಮುಖ ತಿರುಗಿಸದೆಯೇ, ಎರಡೇ ಮಾತು ಹೇಳಿದಳು: ‘ನಾಳೆಯಿಂದ ಬೇಡ.’

ಏನು ಬೇಡ ಎಂದು ನಾನು ಕೇಳಲಿಲ್ಲ. ನಮಗೆ ಗೊತ್ತಾಗುತ್ತದಲ್ಲ.

ಈ ಎಲ್ಲವನ್ನೂ ಅವತ್ತು ರಾತ್ರಿ ಮೊಮ್ಮಗಳಿಗೆ ಹೇಳಿದೆ. ಅವಳಿಗೂ ಗೋಲು ಕಾಯುವ ಹುಚ್ಚು. ಇಲ್ಲಿನ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಹೋಗಿ ಧೂಳು ಮೆತ್ತಿಕೊಂಡು ಬರುತ್ತಾಳೆ. ಕಥೆ ಮುಗಿಸುವಷ್ಟರಲ್ಲಿ ಅವಳು ಮೊಬೈಲಿನಲ್ಲಿ ಪ್ರಪಂಚದ ಫುಟ್‌ಬಾಲ್ ಪುರಾಣವನ್ನೆಲ್ಲ ತೆಗೆದು ನನ್ನ ಮುಂದೆ ಹರವಿದಳು. ಈಗಿನ ಮಕ್ಕಳಿಗೆ ಒಂದು ಹೇಳಿದರೆ ಹತ್ತು ಹುಡುಕುತ್ತಾರೆ.

ಸಂತೋಷ್ ಟ್ರೋಫಿ ಎಂದರೆ ಸಂತೋಷಕ್ಕೆ ಕೊಡುವ ಕಪ್ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲವಂತೆ. ಸಂತೋಷ್ ಎಂಬುದು ಈಗ ಬಾಂಗ್ಲಾದೇಶಕ್ಕೆ ಸೇರಿರುವ ಒಂದು ಜಮೀನ್ದಾರಿ ಸಂಸ್ಥಾನ. ಅಲ್ಲಿಯ ರಾಜರು ಬಂಗಾಳದ ಫುಟ್‌ಬಾಲ್ ಸಂಸ್ಥೆಗೆ ಅಧ್ಯಕ್ಷರಾಗಿದ್ದವರು. ಅವರ ಹೆಸರಿನಲ್ಲಿ 1941ರಲ್ಲಿ ಈ ಪಂದ್ಯಾವಳಿ ಶುರುವಾಯಿತು. ಮೊದಲ ಸಲ ಬಂಗಾಳವೇ ಗೆದ್ದಿತು. ತಮ್ಮ ಮನೆಯ ಕಪ್, ತಾವೇ ಗೆದ್ದರು. ಆರು ವರ್ಷ ಕಳೆಯುವಷ್ಟರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, ಜಯಚಾಮರಾಜ ಒಡೆಯರ ಮೈಸೂರು ಸಂಸ್ಥಾನದ ಹುಡುಗರು ಅವರ ಮನೆಯ ಕಪ್ಪನ್ನೇ ಅವರನ್ನೇ ಸೋಲಿಸಿ ತಂದರು.

ಎರಡನೆಯ ಸ್ಥಾನಕ್ಕೆ ಕೊಡುವ ಕಪ್ಪಿಗೆ ಏನು ಹೆಸರು ಗೊತ್ತೆ? ಕಮಲಾ ಗುಪ್ತಾ ಟ್ರೋಫಿ. ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಇನ್ನೊಬ್ಬರು ತಮ್ಮ ಹೆಂಡತಿಯ ಗೌರವಕ್ಕೆಂದು ಕೊಟ್ಟದ್ದು. ಪ್ರೀತಿಯಿಂದಲೇ ಕೊಟ್ಟಿರಬೇಕು, ಅನುಮಾನವಿಲ್ಲ. ಆದರೂ ಸೋತವರಿಗೆ ಸಮಾಧಾನ ಹೇಳುವ ಕೆಲಸ ಹೆಂಡತಿಯ ಹೆಸರಿಗೇ ಬಂತಲ್ಲ ಎಂದು ನನಗೆ ನಗು ಬಂತು. ಗಂಡಸರು ಸೋತು ಮನೆಗೆ ಬಂದಾಗ ಬಿಸಿನೀರು ಕಾಯಿಸಿಟ್ಟು, ‘ಹೋಗಲಿ ಬಿಡಿ’ ಎನ್ನುವುದು ನಮ್ಮ ಪಾಲಿನದೇ ತಾನೆ? ಮೂರನೆಯ ಸ್ಥಾನದ್ದು ಸಂಪಂಗಿ ಕಪ್. ನಮ್ಮ ಮೈಸೂರಿನ ಹೆಸರಾಂತ ಆಟಗಾರ ಸಂಪಂಗಿಯವರ ನೆನಪಿಗೆ ನಮ್ಮ ರಾಜ್ಯದ ಫುಟ್‌ಬಾಲ್ ಸಂಸ್ಥೆಯೇ ಕೊಟ್ಟದ್ದು. ಒಬ್ಬ ರಾಜ, ಒಬ್ಬ ಗೃಹಿಣಿ, ಒಬ್ಬ ಆಟಗಾರ. ಆಡಿದವನಿಗೆ ಮೂರನೆಯ ಜಾಗ.

‘ಅಜ್ಜೀ, ಇಟಲಿ ಗೊತ್ತಲ್ಲ? ನಾಲ್ಕು ಸಲ ವರ್ಲ್ಡ್‌ಕಪ್ ಗೆದ್ದಿದೆ. ಅವರ ಮೊದಲನೇ ನ್ಯಾಷನಲ್ ಚಾಂಪಿಯನ್‌ಷಿಪ್ ಎಷ್ಟು ದಿನ ನಡೀತು ಹೇಳು ನೋಡೋಣ?’

‘ಒಂದು ತಿಂಗಳು?’

‘ಒಂದೇ ದಿನ!’

ನಾನು ನಂಬಲಿಲ್ಲ. ಅವಳು ಓದಿ ಹೇಳಿದಳು. 1898ರ ಮೇ 8, ಭಾನುವಾರ. ಊರು ಟ್ಯೂರಿನ್. ಸೈಕಲ್ ಪಂದ್ಯದ ಒಂದು ಮೈದಾನ. ಸೇರಿದ ತಂಡಗಳು ನಾಲ್ಕೇ ನಾಲ್ಕು, ಅದರಲ್ಲಿ ಮೂರು ಅದೇ ಟ್ಯೂರಿನ್ ಊರಿನವು! ಹೊರಗಿನಿಂದ ಬಂದದ್ದು ಬಂದರಿನ ಊರಾದ ಜಿನೋವಾದ ತಂಡ ಒಂದೇ. ಬೆಳಿಗ್ಗೆ ಎರಡು ಆಟ, ಮಧ್ಯಾಹ್ನ ಫೈನಲ್. ಜಿನೋವಾದವರು ಹೆಚ್ಚಿನ ಸಮಯವನ್ನೂ ಆಡಿ 2-1ರಲ್ಲಿ ಗೆದ್ದರು. ಅವರ ನಾಯಕ ಸ್ಪೆನ್‌ಸ್ಲಿ ಎಂಬ ಇಂಗ್ಲಿಷ್ ಡಾಕ್ಟರು, ಹಡಗಿನವರಿಗೆ ಔಷಧಿ ಕೊಡಲು ಬಂದು ಆ ಊರಲ್ಲೇ ನಿಂತವರು. ಮುಂದೆ ಅವರು ಗೋಲು ಕಾಯುವುದರಲ್ಲೂ ಹೆಸರಾದರು. ಆ ಜಿನೋವಾ ಕ್ಲಬ್ಬನ್ನು ಇಂಗ್ಲಿಷರು 1893ರಲ್ಲಿ ಕಟ್ಟಿದಾಗ ಅದರ ಹೆಸರಿನಲ್ಲಿ ಇದ್ದದ್ದು ಕ್ರಿಕೆಟ್. ಮೊದಮೊದಲು ಇಟಲಿಯಲ್ಲಿದ್ದರೂ ಇಟಲಿಯವರಿಗೇ ಸೇರಲು ಅವಕಾಶವಿರಲಿಲ್ಲ. ಈ ಡಾಕ್ಟರು ಬಂದ ಮೇಲೆ, 1897ರಲ್ಲಿ, ಬಾಗಿಲು ತೆರೆಯಿತು. ಬಾಗಿಲು ತೆರೆದ ಮರುವರ್ಷವೇ ಗೆಲುವು.

ನಾಲ್ಕು ತಂಡ, ಒಂದು ದಿನ, ಅದಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂದು ಹೆಸರು! ಉಪ್ಪಿಟ್ಟು ತಿಂದು ಶುರು ಮಾಡಿ ಸಂಜೆಯ ಕಾಫಿಗೆ ಮುಗಿಸಿಬಿಟ್ಟರು. ನಮ್ಮ ಬೀದಿಯ ಪಂದ್ಯ ಇದಕ್ಕಿಂತ ದೊಡ್ಡದಿತ್ತು. ರಜೆಯಲ್ಲಿ ಐದು ಬೀದಿಯವರು ಸೇರಿ ನಾಲ್ಕು ದಿನ ಆಡುತ್ತಿದ್ದೆವು. ಹೇಳಿಕೊಳ್ಳುವ ಧೈರ್ಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅದೇ ಭಾನುವಾರ ಅದೇ ದೇಶದ ಇನ್ನೊಂದು ಊರು ಮಿಲಾನ್‌ನಲ್ಲಿ ರೊಟ್ಟಿಯ ಬೆಲೆ ಏರಿತೆಂದು ಬೀದಿಗಿಳಿದ ಜನರ ಮೇಲೆ ಸೈನ್ಯ ಫಿರಂಗಿ ಹಾರಿಸಿತಂತೆ. ಒಂದು ಕಡೆ ಚೆಂಡು, ಇನ್ನೊಂದು ಕಡೆ ಗುಂಡು. ಮನೆಯಲ್ಲಿ ಹಿಟ್ಟಿನ ಡಬ್ಬ ತಳ ಕಂಡ ತಾಯಂದಿರಿಗೆ ಅವತ್ತು ಯಾರು ಗೆದ್ದರೇನು ಎಂದು ನನಗನ್ನಿಸಿತು.

1898 ಎಂದ ಕೂಡಲೇ ನನಗೆ ನೆನಪಾದದ್ದು ನಮ್ಮ ಹಿರಿಯೂರಿನ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಲು ಶುರು ಮಾಡಿದ್ದು ಅದೇ 1898ರಲ್ಲಿ, ಮುಗಿಸಿದ್ದು 1907ರಲ್ಲಿ. ಆಗ ಮೈಸೂರನ್ನು ಆಳುತ್ತಿದ್ದವರು ಹೆಂಗಸು. ಗಂಡ ಚಾಮರಾಜೇಂದ್ರ ಒಡೆಯರು ತೀರಿಕೊಂಡು, ಮಗ ಇನ್ನೂ ಹುಡುಗನಾಗಿದ್ದಾಗ ರಾಜ್ಯದ ಹೊಣೆ ಹೊತ್ತ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಅವರ ಹೆಸರೇ ವಾಣಿವಿಲಾಸ ಸಾಗರ. ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು ಎಂದು ನಮ್ಮ ಮಾವನವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನಾನು ಸೊಸೆಯಾಗಿ ಹೋದ ಮೇಲೆ ಒಂದು ಸಲವಾದರೂ ತುಂಬೀತೆಂದು ಪ್ರತಿ ಮಳೆಗಾಲವೂ ಕಾದೆ. ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಹಿರಿಯೂರಿನವರು, ಹೊಸದುರ್ಗದವರು ಗಾಡಿ ಗಾಡಿ ತುಂಬಿಕೊಂಡು ಹೋಗಿ ಬಾಗಿನ ಬಿಟ್ಟು ಬಂದೆವು. ಹಾಗಾಗಿ ಮೊಮ್ಮಗಳಿಗೆ ಹೇಳಿದೆ: ‘ಐವತ್ನಾಲ್ಕು ವರ್ಷ ಏನ್ ಮಹಾ ಬಿಡೆ. ನಮ್ಮ ಕಡೆಯವರಿಗೆ ಕಾಯೋದು ಹೊಸದಲ್ಲ.’

ಅವಳು ಆಗಲೇ 1933ರ ಇಟಲಿಗೆ ಹಾರಿದ್ದಳು. ಮಿಲಾನ್‌ನಲ್ಲಿ ಆ ವರ್ಷ ಹುಡುಗಿಯರು ಸೇರಿ ಫುಟ್‌ಬಾಲ್ ಗುಂಪು ಕಟ್ಟಿದರಂತೆ. ಮುಸೊಲಿನಿಯ ಕಾಲ. ಕಟ್ಟುಪಾಡುಗಳ ಮೇಲೆ ಕಟ್ಟುಪಾಡು. ಲಂಗ ತೊಟ್ಟೇ ಆಡಬೇಕು. ಚೆಂಡನ್ನು ನೆಲ ಬಿಟ್ಟು ಎತ್ತಬಾರದು. ಗೋಲಿನಲ್ಲಿ ಮಾತ್ರ ಹುಡುಗಿಯರು ನಿಲ್ಲಕೂಡದು, ಮುಂದೆ ತಾಯಿಯಾಗಬೇಕಾದವರ ಹೊಟ್ಟೆಗೆ ಪೆಟ್ಟು ಬಿದ್ದೀತು. ಅಲ್ಲಿಗೆ ಹುಡುಗರನ್ನು ನಿಲ್ಲಿಸಬೇಕು. ಇಷ್ಟಕ್ಕೆಲ್ಲ ಒಪ್ಪಿ ಆಡಿದರೂ ವರ್ಷ ತುಂಬುವ ಮೊದಲೇ ಆಟ ನಿಲ್ಲಿಸಿದರು.

ನಾನೂ ಮೊಮ್ಮಗಳೂ ಮುಖ ಮುಖ ನೋಡಿಕೊಂಡೆವು. ಮಿಲಾನ್‌ನಲ್ಲಿ ಹುಡುಗಿಯರೆಲ್ಲ ಬಯಲಲ್ಲಿ, ಗೋಲಿನಲ್ಲಿ ಮಾತ್ರ ಹುಡುಗ. ಹೊಳಲ್ಕೆರೆಯಲ್ಲಿ ಹುಡುಗರೆಲ್ಲ ಬಯಲಲ್ಲಿ, ಗೋಲಿನಲ್ಲಿ ಮಾತ್ರ ಹುಡುಗಿ. ಲಂಗ ಮಾತ್ರ ಎರಡೂ ಕಡೆ ಇತ್ತು.

ಆ ದೇಶದ ಹೆಣ್ಣುಮಕ್ಕಳು ಮತ್ತೆ ತಮ್ಮದೇ ಒಂದು ಚಾಂಪಿಯನ್‌ಷಿಪ್ ಕಂಡದ್ದು 1968ರಲ್ಲಿ. ಗೆದ್ದದ್ದು ಯಾರು? ಮತ್ತೆ ಅದೇ ಜಿನೋವಾ ಊರಿನ ತಂಡ. ಗಂಡಸರ ಮೊದಲ ಕಪ್ಪಿಗೂ ಹೆಂಗಸರ ಮೊದಲ ಕಪ್ಪಿಗೂ ಒಂದೇ ಊರು, ನಡುವೆ 70 ವರ್ಷ. ನಾನು ಹೊಳಲ್ಕೆರೆಯಲ್ಲಿ ಎರಡು ಚೀಲದ ನಡುವೆ ನಿಂತಿದ್ದ ಕಾಲವೇ ಅದು. ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ನು ಹೆಂಗಸರಿಗೆಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರು ಮಾಡುವ ಹೊತ್ತಿಗೆ 1991 ಆಗಿತ್ತು. ಆ ಕಪ್ಪಿಗೆ ಈಗ ರಾಜಮಾತಾ ಜೀಜಾಬಾಯಿ ಟ್ರೋಫಿ ಎಂದು ಹೆಸರು. ಮೊದಲನೆಯ ಸ್ಥಾನಕ್ಕೇ ಹೆಂಗಸಿನ ಹೆಸರು ಬಂತು ಎಂದು ಸಂತೋಷಪಟ್ಟೆ. ಅಲ್ಲಿ ಹೆಂಡತಿ, ಇಲ್ಲಿ ತಾಯಿ. ಮೂರನೆಯ ಸಲಕ್ಕೆ ಆಡಿದವಳೇ ಸಿಕ್ಕಾಳೇನೋ.

1991 ಎಂದಾಗ ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಮಗಳು ಕೈ ನಿಲ್ಲಿಸಿದಳು. ಅದು ನನಗೆ ಕೇಳಿಸಿತು.

ಇದನ್ನು ಬರೆಯಲೋ ಬೇಡವೋ ಎಂದು ತುಂಬ ಯೋಚಿಸಿದೆ. 1992ರಲ್ಲಿ ಅವಳಿಗೆ ಹನ್ನೆರಡು ವರ್ಷ. ಶಾಲೆಯಿಂದ ಬಂದು, ‘ಅಮ್ಮಾ, ಆಟದ ತಂಡಕ್ಕೆ ನನ್ನ ಹೆಸರು ಬರೆದುಕೊಂಡಿದ್ದಾರೆ, ಚಡ್ಡಿ ಹೊಲಿಸಿಕೊಡು’ ಎಂದಿದ್ದಳು. ಅದೇ ತಿಂಗಳು ದೊಡ್ಡವಳಾದಳು. ಮನೆಯಲ್ಲಿ ಅತ್ತೆ, ಓರಗಿತ್ತಿಯರು, ಹತ್ತಾರು ಕಣ್ಣು. ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಾ, ಮುಖ ತಿರುಗಿಸದೆಯೇ, ಅವಳಿಗೆ ಹೇಳಿದ್ದೆ: ‘ನಾಳೆಯಿಂದ ಬೇಡ.’ ನನ್ನ ಅವ್ವನ ಮಾತು, ಒಂದಕ್ಷರ ಕೂಡ ಬದಲಾಗದೆ, ನನ್ನ ಬಾಯಲ್ಲಿ. ಅವಳೂ ಏನು ಬೇಡ ಎಂದು ಕೇಳಲಿಲ್ಲ. ಆಮೇಲೆ ಯಾವತ್ತೂ ಆ ಸುದ್ದಿ ಎತ್ತಲಿಲ್ಲ. ನನ್ನ ಮೇಲೆ ಯಾರೋ ಹೊರಿಸಿದ್ದನ್ನು ನಾನು ಹೊತ್ತೆ ಎಂದು ಹೇಳಿಕೊಳ್ಳಬಹುದಿತ್ತು. ಹೊತ್ತದ್ದನ್ನು ಇಳಿಸದೆ ಅವಳ ತಲೆಗೆ ಇಟ್ಟವಳು ನಾನೇ ಅಲ್ಲವೆ?

ಮಾರನೆಯ ದಿನ ಹೊಸದುರ್ಗಕ್ಕೆ ಅಣ್ಣನಿಗೆ ಫೋನು ಮಾಡಿದೆ. ಅವನು ಮಾಸ್ತರಿಕೆಯಿಂದ ನಿವೃತ್ತನಾಗಿ ಅಲ್ಲೇ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಕಪ್ ಗೆದ್ದ ಸುದ್ದಿ ಅವನಿಗೂ ತಿಳಿದಿತ್ತು. ಗಂಟಲು ಕಟ್ಟುವಷ್ಟು ಮಾತಾಡಿದ. ಕೊನೆಗೆ, ‘ನಮ್ಮ ಬೀದಿ ತಂಡದ ನೋಟ್‌ಬುಕ್ಕು ಇನ್ನೂ ಇಟ್ಕೊಂಡಿದೀನಿ ಕಣೆ, ಯಾರು ಎಷ್ಟು ಗೋಲು ಹೊಡೆದ್ರು ಎಲ್ಲ ಅದರಲ್ಲಿದೆ’ ಎಂದ.

‘ಅದರಲ್ಲಿ ನನ್ನ ಹೆಸರಿದೆಯಾ ಅಣ್ಣಾ?’

ಆ ಕಡೆಯಿಂದ ಹಾಳೆ ಮಗುಚುವ ಸದ್ದು. ಬಹಳ ಹೊತ್ತು.

‘ಇಲ್ಲ ಕಣೆ’ ಎಂದ. ‘ಆರು ಜನದ್ದೇ ಇದೆ. ಏಳು ಜನ ಆಡ್ತಿದ್ವಿ ಅಲ್ವಾ?’ ಸ್ವಲ್ಪ ತಡೆದು, ‘ನೀನು ಇರ್ತೀಯ ಅಂತ ಬರೀಲೇ ಇಲ್ಲವೇನೋ’ ಎಂದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇರುವುದನ್ನು ಯಾರು ಬರೆದಿಡುತ್ತಾರೆ? ನಮ್ಮ ಕೋಟೆಯ ಕಥೆಯೂ ಇಷ್ಟೇ. ಹೈದರಾಲಿಯ ಸೈನ್ಯ ಕಿಂಡಿಯಲ್ಲಿ ನುಸುಳಿ ಬಂದಾಗ ಕಾವಲಿಗೆ ಇರಬೇಕಾದವನು ಕಹಳೆಯ ಮುದ್ದ ಹನುಮ, ಊಟಕ್ಕೆಂದು ಮನೆಗೆ ಬಂದಿದ್ದ. ನೀರಿಗೆ ಹೋದ ಅವನ ಹೆಂಡತಿ ಒನಕೆ ಎತ್ತಿಕೊಂಡು ಆ ಕಿಂಡಿಗೆ ನಿಂತಳು. ಒಬ್ಬನನ್ನೂ ಒಳಗೆ ಬಿಡಲಿಲ್ಲ. ಕಾವಲುಗಾರರ ಪಟ್ಟಿಯಲ್ಲಿ ಓಬವ್ವನ ಹೆಸರಿತ್ತೆ? ಅವಳು ಸುಮ್ಮನೆ ಅಲ್ಲಿ ಇದ್ದಳು. ಕೋಟೆಗೆ ಹೋದಾಗಲೆಲ್ಲ ನಾನು ಆ ಕಿಂಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಎಷ್ಟು ಸಣ್ಣ ಸಂದು! ಆ ಸಂದನ್ನು ಕಾದವಳ ಹೆಸರು ಈಗ ಊರಿನ ಇಡೀ ಆಟದ ಬಯಲಿಗೆ.

ಇದಾದ ಮರುವರ್ಷ ಮೊಮ್ಮಗಳು ದೊಡ್ಡವಳಾದಳು. ಆರತಿ ಮಾಡಿದೆವು. ಹಿರಿಯೂರಿನಿಂದ ಓರಗಿತ್ತಿಯರು, ಹೊಳಲ್ಕೆರೆಯಿಂದ ಚಿಕ್ಕಮ್ಮನ ಮಕ್ಕಳು, ಹೊಸದುರ್ಗದಿಂದ ಅತ್ತಿಗೆ, ಎಲ್ಲ ಬಂದರು. ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ ಎಲ್ಲ ಆಯಿತು. ಊಟವಾಗಿ ಎಲೆ-ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹಿರಿಯ ಓರಗಿತ್ತಿ ಗಲ್ಲಕ್ಕೆ ಕೈ ಇಟ್ಟುಕೊಂಡು ಶುರು ಮಾಡಿದರು. ‘ಇನ್ನು ಆ ಚೆಂಡಾಟ ಸಾಕು ಮಾಡಿಸ್ರಮ್ಮ. ಹುಡುಗರ ಥರ ಬಿದ್ದು ಎದ್ದು... ನಾಳೆ ಒಂದು ಹೋಗಿ ಇನ್ನೊಂದಾದರೆ? ನೀವು ಮನೆಗೆ ಹಿರಿಯರು, ಒಂದು ಮಾತು ಹೇಳಿ.’

ಎಲ್ಲರೂ ನನ್ನ ಕಡೆ ತಿರುಗಿದರು. ಮೊಮ್ಮಗಳು ಹೊಸ ರೇಷ್ಮೆ ಲಂಗದಲ್ಲಿ, ಕೈತುಂಬ ಹಸಿರು ಬಳೆ ತೊಟ್ಟು, ಹಸೆಯ ಮೇಲೆ ಕುಳಿತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನನ್ನ ಮಗಳು ತಟ್ಟೆ ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿದ್ದಳು. ಮೂವತ್ತು ವರ್ಷಗಳ ಹಿಂದಿನ ಹಿತ್ತಲಿನಿಂದ ನೋಡುತ್ತಿದ್ದಳು.

ಅಭ್ಯಾಸ ಎಂಥದ್ದು ನೋಡಿ. ನನ್ನ ಬಾಯಿ ತಾನೇ ತಾನಾಗಿ ತೆರೆಯಿತು. ‘ನಾಳೆಯಿಂದ ಬೇ...’ ಎಂದೆ. ಮಗಳ ಕಣ್ಣು ಕೆಳಗೆ ಹೋಯಿತು.

‘ನಾಳೆಯಿಂದ ಬೇಗ ಏಳು’ ಎಂದೆ ಮೊಮ್ಮಗಳಿಗೆ. ‘ಬಿಸಿಲೇರೋ ಹೊತ್ತಿಗೆ ಆಟ ಮುಗಿಸಿ ಬರಬೇಕು. ಬಳೆ ಬಿಚ್ಚಿಟ್ಟು ಹೋಗು, ಒಡೆದರೆ ಕೈಗೆ ಚುಚ್ಚುತ್ತೆ.’

ಓರಗಿತ್ತಿಯವರು ಅಡಿಕೆ ಕಡಿಯುವುದನ್ನು ನಿಲ್ಲಿಸಿದರು. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಅಡಿಕೆಯ ಧಾರಣೆಯ ಮಾತೆತ್ತಿದರು. ಹೊಳಲ್ಕೆರೆ ಕಡೆಯವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಬೇಡವಲ್ಲ. ರಾತ್ರಿ ಪಾತ್ರೆ ಎತ್ತಿಡುವಾಗ ಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು. ‘ಅಮ್ಮಾ, ನಾನು ಆಗ ಚಡ್ಡಿಗೆ ಬಟ್ಟೆ ಕೂಡ ಆರಿಸಿಟ್ಟಿದ್ದೆ. ನೀಲಿ ಬಣ್ಣದ್ದು’ ಎಂದಳು. ಅಷ್ಟೇ. ನಾನು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡೆ. ಮೂವತ್ತು ವರ್ಷ ತಡವಾದದ್ದಕ್ಕೆ ಬೇರೆ ಏನು ಮಾಡಲಿ?

ಅಣ್ಣ ಕಳೆದ ದೀಪಾವಳಿಗೆ ಬಂದಾಗ ಆ ಹಳೆಯ ನೋಟ್‌ಬುಕ್ಕನ್ನೂ ತಂದ. ಅಂಚೆಲ್ಲ ಗೆದ್ದಲು ಹಿಡಿದಿತ್ತು. ಆರು ಹೆಸರುಗಳ ಕೆಳಗೆ ಹೊಸ ಬಾಲ್‌ಪೆನ್ನಿನಲ್ಲಿ ಏಳನೆಯ ಹೆಸರು ಬರೆದಿದ್ದ. ಮಾಸ್ತರರ ಗುಂಡು ಅಕ್ಷರ, ಈಗ ಸ್ವಲ್ಪ ನಡುಗುತ್ತದೆ. ಎದುರಿಗೆ ‘ಗೋಲಿ’ ಎಂದಿತ್ತು. ಬರೆದದ್ದು ನನ್ನ ತವರಿನ ಹೆಸರು. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಅವನೊಬ್ಬನೇ ಉಳಿದಿರುವುದು.

ಅವತ್ತು ಸಂಜೆ ಅಂಗಳದಲ್ಲಿ ಮೊಮ್ಮಗಳು ಎರಡು ಕಡೆ ಎರಡು ಹೂವಿನ ಕುಂಡ ಇಟ್ಟು, ‘ಬಾ ಅಜ್ಜೀ, ನಿಂತ್ಕೋ ನೋಡೋಣ’ ಎಂದಳು. ಮಂಡಿ ನೋವು, ಬೇಡವೆಂದೆ. ಬಿಡಲಿಲ್ಲ. ಅಣ್ಣ ಕುರ್ಚಿ ಎಳೆದುಕೊಂಡು ಅಂಪೈರ್ ಆದ. ಅಂಪೈರ್ ಅಲ್ಲ, ರೆಫ್ರಿ ಎಂದು ಮೊಮ್ಮಗಳು ತಿದ್ದಿದಳು. ನಾನು ಸೆರಗು ಸಿಕ್ಕಿಸಿ ನಿಂತೆ. ಅವಳು ಮೆಲ್ಲಗೇ ಒದ್ದಳು, ಪಾಪ. ಚೆಂಡು ಉರುಳಿ ಬಂದು ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಕೂತಿತು.

‘ಮೋಸ ಅಜ್ಜೀ! ಸೀರೆ ಹಿಡಿದದ್ದು ಲೆಕ್ಕಕ್ಕಿಲ್ಲ!’

ಕುರ್ಚಿಯ ಮೇಲಿದ್ದ ಎಪ್ಪತ್ತು ದಾಟಿದ ಮುದುಕ ಎದ್ದು ನಿಂತ. ‘ಗೋಲಿ ಮೈಮೇಲೆ ಇರೋದೆಲ್ಲ ಗೋಲೀದೇ ಕಣೇ!’ ಎಂದ.